ನಿಂತ ಯಂತ್ರದ ಮುಂದೆ ಕಾಯಕದ ಪ್ರಶ್ನೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದಿದ್ದ ಶರಣರ ಹೆಸರುಗಳನ್ನು ಹೇಳುತ್ತ ಹೋದರೆ ಅದೇ ಒಂದು ಕಸುಬುಗಳ ಪಟ್ಟಿಯಾಗುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಬುಟ್ಟಿ ಹೆಣೆಯುವುದು, ಹಗ್ಗ ಹೊಸೆಯುವುದು, ಚೆಲ್ಲಿದ ಅಕ್ಕಿ ಆಯುವುದು. ಶುದ್ಧ ಮನಸ್ಸಿನಿಂದ ಮಾಡಿದರೆ ಇವೆಲ್ಲವೂ ಪೂಜೆಗೆ ಸಮ ಎಂದು ಅವರು ಬದುಕಿ ತೋರಿಸಿದರು. ಎಂಟುನೂರು ವರ್ಷಗಳ ಮೇಲೆ ಅದೇ ನಾಡಿನಲ್ಲಿ ಕಾಯಕದ ಮಾತು ಶಾಲೆಯ ಗೋಡೆಯಿಂದ ಸರ್ಕಾರಿ ಸಮಾರಂಭದ ವೇದಿಕೆಯವರೆಗೆ ಎಲ್ಲೆಲ್ಲೂ ಕೇಳಿಸುತ್ತದೆ. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೋ ಹುಡುಗಿಯೋ ಐಟಿಐ ಸೇರಿ ಕಾರ್ಖಾನೆಯ ಯಂತ್ರಗಳ ಮೆಕ್ಯಾನಿಕ್ ಆಗುತ್ತೇನೆ ಎಂದರೆ, ಮನೆಯವರ ಮುಖದಲ್ಲಿ ಮೂಡುವುದು ಬೇರೆ ದಾರಿ ಕಾಣದವರ ದಾರಿ ಇದು ಎಂಬ ಭಾವ. ಹೊಟ್ಟೆಪಾಡಿಗೆ ಅಡ್ಡಿಯಿಲ್ಲ, ಆದರೆ ಅದರಲ್ಲಿ ಆತ್ಮಕ್ಕೆ ಬೇಕಾದದ್ದು ಏನಿದೆ? ಈ ಪ್ರಶ್ನೆಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕೆಟ್ಟು ನಿಂತ ಯಂತ್ರವನ್ನು ಸರಿಮಾಡುವ, ಓಡುತ್ತಿರುವುದು ಕೆಡದಂತೆ ಕಾಯುವ ಈ ಕೆಲಸವನ್ನು ಕಲಿಯುವುದು, ತನ್ನ ಇಷ್ಟವನ್ನು ಪಕ್ಕಕ್ಕಿಟ್ಟು ಇದ್ದದ್ದನ್ನು ಇದ್ದಂತೆ ಕಾಣುವ ಸಾಧನೆ ಎಂಬುದು ನನ್ನ ವಾದ. ಸಾಧನೆ ಎಂಬ ಪದವನ್ನು ಅಲಂಕಾರಕ್ಕಾಗಿ ಬಳಸುತ್ತಿಲ್ಲ.

ಕಲಿಕೆ ಶುರುವಾಗುವುದು ಯಂತ್ರದಿಂದಲ್ಲ, ಅರದಿಂದ. ಭಾರತ ಸರ್ಕಾರ 1950ರಲ್ಲಿ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯ ಕೆಳಗೆ ಬಂದ ಐಟಿಐಗಳಲ್ಲಿ ಫಿಟ್ಟರ್ ವೃತ್ತಿಯ ತರಬೇತಿ ಎರಡು ವರ್ಷದ್ದು. ಮೊದಲ ತಿಂಗಳುಗಳಲ್ಲಿ ವಿದ್ಯಾರ್ಥಿ ಮೈಲ್ಡ್ ಸ್ಟೀಲಿನ ತುಂಡೊಂದನ್ನು ವೈಸ್‌ನಲ್ಲಿ ಕಚ್ಚಿಸಿ ಸಮತಟ್ಟಾಗಿ ಅರ ಹೊಡೆಯಬೇಕು. ನೋಡುವವರಿಗೆ ಇದಕ್ಕಿಂತ ಸುಲಭದ್ದು ಇನ್ನಿಲ್ಲ. ಆದರೆ ಹೊಸಬನ ಕೈ ಮುಂದೆ ಹೋಗುವಾಗ ಒಂದು ಕಡೆ, ಹಿಂದೆ ಬರುವಾಗ ಇನ್ನೊಂದು ಕಡೆ ತೂಗುತ್ತದೆ. ಅಂಚುಗಳು ಸವೆದು ನಡು ಉಬ್ಬುತ್ತದೆ. ಅವನ ಕಣ್ಣಿಗೆ ಮಾತ್ರ ಅದು ಸಮವಾಗಿಯೇ ಕಾಣುತ್ತದೆ. ಆಗ ಬೋಧಕರು ಟ್ರೈ ಸ್ಕ್ವೇರಿನ ಅಲಗನ್ನು ಆ ಮೇಲ್ಮೈಗೆ ತಾಗಿಸಿ ಕಿಟಕಿಯ ಕಡೆಗೆ ಎತ್ತಿ ಹಿಡಿಯುತ್ತಾರೆ. ಅಲಗಿನ ಅಡಿಯಲ್ಲಿ ಎರಡೂ ಬದಿಗೆ ಕೂದಲೆಳೆಯಂಥ ಬೆಳಕು ತೂರಿಬರುತ್ತದೆ. ಆ ಬೆಳಕಿನೊಡನೆ ವಾದ ಮಾಡಲು ಬರುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನಾಲ್ಕು ಪುಟ ಹೆಚ್ಚು ಬರೆದು ಅಂಕ ಗಿಟ್ಟಿಸಬಹುದು, ಸಂದರ್ಶನದಲ್ಲಿ ಮಾತಿನ ಬಲದಿಂದ ಪಾರಾಗಬಹುದು. ಇಲ್ಲಿ ಜಾತಿ, ಶಿಫಾರಸು, ಮಾತುಗಾರಿಕೆ ಯಾವುದೂ ಆ ಸಂದಿಯನ್ನು ಮುಚ್ಚುವುದಿಲ್ಲ. ತನ್ನ ಕೈಯೇ ತನಗೆ ಸುಳ್ಳು ಹೇಳುತ್ತಿತ್ತು ಎಂದು ಹದಿನಾರು ಹದಿನೇಳರ ವಯಸ್ಸಿನಲ್ಲಿ, ಬೈಗುಳವಿಲ್ಲದೆ, ಬರೀ ಬೆಳಕಿನಿಂದ ಗೊತ್ತಾಗುವ ಶಿಕ್ಷಣ ನಮ್ಮಲ್ಲಿ ಬೇರೆಲ್ಲಿ ಸಿಗುತ್ತದೆ?

ಮುಂದೆ ಆ ಶಿಸ್ತು ಕೈಯಿಂದ ಬುದ್ಧಿಗೆ ಏರಬೇಕು. ಪಂಪಿನ ಮೋಟಾರಿನ ಕಡೆಯ ಬೇರಿಂಗ್ ಬಿಸಿಯಾಗುತ್ತಿದೆ, ಗೊರಗೊರ ಸದ್ದು ಮಾಡುತ್ತಿದೆ ಎಂದುಕೊಳ್ಳೋಣ. ಬೇರಿಂಗ್ ಕೆಟ್ಟಿದೆ, ಬದಲಾಯಿಸು: ಇದು ಮೊದಲು ಬರುವ ಉತ್ತರ. ಬದಲಾಯಿಸಿದರೆ ಸದ್ದು ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಎರಡು ತಿಂಗಳಿಗೆ ಹೊಸ ಬೇರಿಂಗೂ ಅದೇ ದಾರಿ ಹಿಡಿಯುತ್ತದೆ. ನಮ್ಮ ನ್ಯಾಯದರ್ಶನಕಾರರು ಈ ಗುಂಡಿಯನ್ನು ಎಂದೋ ಗುರುತಿಸಿದ್ದರು. ಹೊಗೆ ಕಂಡರೆ ಬೆಂಕಿಯಿದೆ ಎಂಬುದು ಸರಿಯಾದ ಅನುಮಾನ. ಅದನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂದರೆ ತಪ್ಪು. ಹೊಗೆ ಏಳುವುದಕ್ಕೆ ಸೌದೆ ಹಸಿಯಾಗಿರಬೇಕು, ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಆ ಹಸಿ ಸೌದೆಯನ್ನು ಅವರು ಉಪಾಧಿ ಎಂದು ಕರೆದರು: ಕಾಣುವ ಸಂಬಂಧದ ಹಿಂದೆ ಅಡಗಿ ಕುಳಿತಿರುವ, ಲೆಕ್ಕಕ್ಕೆ ಸೇರದ ಷರತ್ತು. ಬೇರಿಂಗಿನ ವಿಷಯದಲ್ಲಿ ಆ ಉಪಾಧಿ ಬೇರೆಲ್ಲೋ ಇರುತ್ತದೆ. ಮೋಟಾರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ರೇಖೆಯಲ್ಲಿ ಇಲ್ಲದಿರಬಹುದು. ಅಡಿಪಾಯದ ಬೋಲ್ಟ್ ಸಡಿಲಾಗಿ ಮೋಟಾರಿನ ಒಂದು ಪಾದ ಎದ್ದಿರಬಹುದು. ಬೆಲ್ಟ್ ಅತಿ ಬಿಗಿಯಾಗಿರಬಹುದು. ಗ್ರೀಸ್ ಕಡಿಮೆಯಾಗಿರಬಹುದು, ಬೇಕಾದ್ದಕ್ಕಿಂತ ಹೆಚ್ಚು ತುಂಬಿದ್ದರೂ ಅದು ಒಳಗೇ ಕಡೆದು ಬಿಸಿಯೇರುತ್ತದೆ. ಹಿಂದಿನ ಸಲ ಕೂರಿಸುವಾಗ ಒಳಬಳೆಗೆ ಒತ್ತಡ ಕೊಡುವ ಬದಲು ಹೊರಬಳೆಗೆ ಸುತ್ತಿಗೆ ಪೆಟ್ಟು ಬಿದ್ದು ಗುಂಡುಗಳು ಓಡುವ ದಾರಿಯಲ್ಲೇ ಕುಳಿಗಳಾಗಿರಬಹುದು.

ಒಳ್ಳೆಯ ಮೆಕ್ಯಾನಿಕ್ ಕೆಟ್ಟ ಬೇರಿಂಗನ್ನು ಬಿಸಾಡುವ ಮೊದಲು ಕುಯ್ದು ನೋಡುತ್ತಾನೆ. ಸವೆತ ಬಳೆಯ ಸುತ್ತ ಒಂದೇ ಅಗಲಕ್ಕೆ ಇದೆಯೋ, ಓರೆಯಾಗಿ ಹರಿದಿದೆಯೋ, ಗುಂಡುಗಳ ಅಂತರಕ್ಕೆ ಸರಿಯಾಗಿ ಕುಳಿಗಳಿವೆಯೋ ಎಂಬುದರಿಂದ ಕಾರಣ ಬೇರೆ ಬೇರೆಯಾಗುತ್ತದೆ. ಆಮೇಲೆ ಕಪ್ಲಿಂಗಿನ ಮೇಲೆ ಡಯಲ್ ಗೇಜ್ ಕಟ್ಟಿ, ಶಾಫ್ಟನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ, ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಮುಳ್ಳು ಎಷ್ಟು ಸರಿಯುತ್ತದೆ ಎಂದು ಬರೆದುಕೊಂಡು, ಮೋಟಾರಿನ ಪಾದದಡಿ ಶಿಮ್ ಎಂಬ ತೆಳು ಲೋಹದ ಪಟ್ಟಿ ಸೇರಿಸುತ್ತಾನೆ. ಇಷ್ಟು ಸೂಕ್ಷ್ಮಕ್ಕೆ ಇಳಿಯಲು ಕಾರಣವಿದೆ. ಬಾಲ್ ಬೇರಿಂಗಿನ ಆಯಸ್ಸು ಅದರ ಮೇಲಿನ ಭಾರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಭಾರ ಇಮ್ಮಡಿಯಾದರೆ ಆಯಸ್ಸು ಎಂಟನೇ ಒಂದಕ್ಕೆ ಕುಸಿಯುತ್ತದೆ. ಕಣ್ಣಿಗೆ ಕಾಣದ ಓರೆ ಸೇರಿಸಿದ ಭಾರವೇ ಆ ಎರಡು ತಿಂಗಳ ಸಾವಿಗೆ ಕಾರಣ. ಇಲ್ಲಿ ನಡೆಯುವುದು ತತ್ವಶಾಸ್ತ್ರಕ್ಕೆ ಹೊರಗಿನ ಕೆಲಸವಲ್ಲ. ಹೇತು, ವ್ಯಾಪ್ತಿ, ಉಪಾಧಿ, ಹೇತ್ವಾಭಾಸಗಳ ವಿಚಾರವನ್ನು ಗ್ರಂಥದಲ್ಲಿ ಓದಿದವನು ತಪ್ಪಿದರೆ ವಾದದಲ್ಲಿ ಸೋಲುತ್ತಾನೆ, ಅಷ್ಟೇ. ಮೆಕ್ಯಾನಿಕ್ಕಿನ ಅನುಮಾನ ತಪ್ಪಾದರೆ ಯಂತ್ರ ಮತ್ತೆ ನಿಲ್ಲುತ್ತದೆ, ನಿಂತು ಅವನ ತಪ್ಪನ್ನು ಎಲ್ಲರ ಮುಂದೆ ಸಾರುತ್ತದೆ. ಜ್ಞಾನಕ್ಕೂ ಕೈಕೆಲಸಕ್ಕೂ ನಡುವೆ ನಾವು ಎಳೆದಿರುವ ಗೆರೆ ಇಲ್ಲಿ ಉಳಿಯುವುದೇ ಇಲ್ಲ.

ಇನ್ನೂ ಕಠಿಣವಾದ ಪಾಠವೆಂದರೆ ಸುಮ್ಮನಿರುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡ್‌ನಲ್ಲಿ ಜೀವವಿಜ್ಞಾನಿ ಸಿ. ಎಚ್. ವ್ಯಾಡಿಂಗ್ಟನ್ ಮತ್ತು ಸಂಗಡಿಗರು ವಿಮಾನಗಳ ದುರಸ್ತಿ ದಾಖಲೆಗಳನ್ನು ಹಿಡಿದು ಕುಳಿತರು. 50 ಗಂಟೆಗಳ ಹಾರಾಟಕ್ಕೊಮ್ಮೆ ಕಡ್ಡಾಯ ತಪಾಸಣೆ ನಡೆಯುತ್ತಿತ್ತು. ತಪಾಸಣೆಯಾದ ಕೂಡಲೇ ಕೆಡುವಿಕೆ ಕಡಿಮೆಯಾಗಬೇಕಿತ್ತು. ಅದು ಹೆಚ್ಚುತ್ತಿತ್ತು, ಮುಂದಿನ ತಪಾಸಣೆ ಹತ್ತಿರವಾಗುತ್ತ ಬಂದಂತೆ ಇಳಿಯುತ್ತಿತ್ತು. ಚೆನ್ನಾಗಿದ್ದದ್ದನ್ನು ಬಿಚ್ಚಿ ಜೋಡಿಸುವುದೇ ಕೆಡುಕಿನ ಮೂಲವಾಗಿತ್ತು. ಅದಾದ ಮೇಲೆ 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಅಮೆರಿಕದ ರಕ್ಷಣಾ ಇಲಾಖೆಗೆ ಕೊಟ್ಟ ವರದಿ ಇದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳಿತು: ಅವರು ಅಧ್ಯಯನ ಮಾಡಿದ ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಸವೆದು ಕೆಡುವ ಲಕ್ಷಣ ತೋರಿದವು ಶೇಕಡಾ 11 ಮಾತ್ರ. ಉಳಿದ 89ಕ್ಕೆ ಇಷ್ಟು ಗಂಟೆಯಾಯಿತು, ಬದಲಾಯಿಸು ಎಂಬ ನಿಯಮದಿಂದ ಪ್ರಯೋಜನವಿರಲಿಲ್ಲ. ಗೀತೆಯ ನಾಲ್ಕನೆಯ ಅಧ್ಯಾಯ ಕರ್ಮ, ವಿಕರ್ಮ, ಅಕರ್ಮಗಳನ್ನು ಬೇರ್ಪಡಿಸಿ, ಅವುಗಳ ಗತಿ ತಿಳಿಯುವುದು ಕಷ್ಟವೆಂದು ಎಚ್ಚರಿಸುತ್ತದೆ. ಆ ಎಚ್ಚರಿಕೆಗೆ ಭಾಷ್ಯಗಳು ಹಲವಿವೆ. ಸ್ಪ್ಯಾನರ್ ಕೈಯಲ್ಲಿರುವವನು ಕಲಿಯುವ ಭಾಷ್ಯ ಹೀಗಿದೆ: ಏನಾದರೂ ಮಾಡಬೇಕೆಂಬ ತವಕ ಎಷ್ಟೋ ಸಲ ಯಂತ್ರದ ಅಗತ್ಯದಿಂದ ಹುಟ್ಟಿರುವುದಿಲ್ಲ, ತಾನು ಉಪಯುಕ್ತನೆಂದು ಕಾಣಿಸಿಕೊಳ್ಳುವ ಆಸೆಯಿಂದ ಹುಟ್ಟಿರುತ್ತದೆ. ಕೇಳಿ, ಮುಟ್ಟಿ, ಅಳೆದು, ಇದನ್ನು ಈಗ ಬಿಚ್ಚಬಾರದು ಎಂದು ನಿರ್ಧರಿಸಿ ಹಿಂದೆ ಸರಿಯುವವನು ಸೋಮಾರಿಯಲ್ಲ. ಆ ನಿರ್ಧಾರಕ್ಕೆ ಬಿಚ್ಚುವುದಕ್ಕಿಂತ ಹೆಚ್ಚು ತಿಳಿವಳಿಕೆ ಬೇಕು, ಹೆಚ್ಚು ಧೈರ್ಯವೂ ಬೇಕು. ನಾಳೆ ಕೆಟ್ಟರೆ ಬೆರಳು ತೋರುವುದು ಅವನ ಕಡೆಗೇ.

ಹೀಗಾಗಿ ಈ ಕಸುಬಿನ ಫಲ ಕಾಣುವುದಿಲ್ಲ. ಬುಟ್ಟಿ ಹೆಣೆದವನ ಮುಂದೆ ಬುಟ್ಟಿಯಿದೆ. ಮೆಂಟೆನೆನ್ಸ್ ಚೆನ್ನಾಗಿ ನಡೆದ ಕಾರ್ಖಾನೆಯಲ್ಲಿ ತೋರಿಸಲು ಏನೂ ಇರುವುದಿಲ್ಲ, ಏನೂ ಆಗಿರುವುದಿಲ್ಲ. ಫಲದ ಮೇಲಿನ ಹಕ್ಕನ್ನು ಬಿಡು ಎಂದು ಉಳಿದವರಿಗೆ ಹೇಳಿಕೊಡಬೇಕು, ಇವನ ಕೆಲಸದ ಸ್ವರೂಪವೇ ಅದು. ವರ್ಷಕ್ಕೊಮ್ಮೆ ಆಯುಧಪೂಜೆಯಂದು ಲೇತ್‌ಗೆ, ಪ್ರೆಸ್ಸಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯುತ್ತೇವೆ. ಅದು ಸುಂದರವಾದ ಆಚರಣೆ, ಯಂತ್ರಕ್ಕೆ ಋಣಿಯಾಗಿರುವುದನ್ನು ಒಪ್ಪಿಕೊಳ್ಳುವ ದಿನ. ಆದರೆ ನುಲಿಯ ಚಂದಯ್ಯನ ಕಥೆಯನ್ನು ನೆನೆಯಬೇಕು. ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗ ಕಳಚಿ ಬಿದ್ದರೂ ಆತ ಕಾಯಕ ಬಿಟ್ಟು ಅದರ ಹಿಂದೆ ಹೋಗಲಿಲ್ಲ, ಲಿಂಗವೇ ಅವನ ಹಿಂದೆ ಬಂತು ಎನ್ನುತ್ತದೆ ಶರಣ ಪರಂಪರೆ. ಆ ಅಳತೆಯಲ್ಲಿ ನೋಡಿದರೆ ಉಳಿದ ದಿನಗಳಲ್ಲಿ ಎಣ್ಣೆಮಟ್ಟ ನೋಡಿ, ಬೋಲ್ಟ್ ಬಿಗಿದು, ಲಾಗ್ ಪುಸ್ತಕದಲ್ಲಿ ನಿಜವನ್ನೇ ಬರೆದಿಡುವುದೇ ಪೂಜೆ. ಹಾರ ಅದರ ಗುರುತು ಮಾತ್ರ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಇದು: ಶರಣರ ದೋಣಿ ಶರಣರದು, ಕತ್ತಿ ಕೊಡಲಿ ಅವರದು. ಕಾರ್ಖಾನೆಯ ಯಂತ್ರ ಮಾಲೀಕನದು, ಲಾಭ ಅವನದು, ಹೊತ್ತು ಅವನದು. ಕೂಲಿಗೆ ದುಡಿಯುವವನ ದುಡಿಮೆಯನ್ನು ಕಾಯಕವೆಂದು ಹೊಗಳುವುದು ಅವನ ಬಾಯಿ ಮುಚ್ಚಿಸುವ ಉಪಾಯವಲ್ಲವೇ? ಫ್ರೆಂಚ್ ತತ್ವಜ್ಞಾನಿ ಸಿಮೋನ್ ವೇಲ್ ಈ ಪ್ರಶ್ನೆಯನ್ನು ಪುಸ್ತಕದೊಳಗೆ ಕುಳಿತು ಕೇಳಲಿಲ್ಲ. ಪಾಠ ಹೇಳುವ ಕೆಲಸಕ್ಕೆ ರಜೆ ಹಾಕಿ 1934–35ರಲ್ಲಿ ಪ್ಯಾರಿಸ್ಸಿನ ಆಲ್ಸ್‌ಟಾಮ್, ರೆನೋ ಮುಂತಾದ ಕಾರ್ಖಾನೆಗಳಲ್ಲಿ ದುಡಿದು ಕೇಳಿದಳು. ಅಲ್ಲಿ ತನ್ನನ್ನು ಗುಲಾಮಳನ್ನಾಗಿ ಮಾಡಿದ್ದು ಎರಡು, ವೇಗ ಮತ್ತು ಆಜ್ಞೆ ಎಂದು ಆಕೆ ಕಂಡುಕೊಂಡಳು. ಯೋಚಿಸಿದರೆ ತುಂಡುಗಳ ಲೆಕ್ಕ ತಪ್ಪುತ್ತದೆ, ಆದ್ದರಿಂದ ಯೋಚನೆಯನ್ನೇ ಕೊಂದುಕೊಳ್ಳಬೇಕು. ಈ ಸಾಕ್ಷ್ಯವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ. ಸಾಲಿನಲ್ಲಿ ನಿಂತು ಒಂದೇ ತುಂಡನ್ನು ಸಾವಿರ ಸಲ ಪ್ರೆಸ್ಸಿಗೆ ಒಡ್ಡುವವರಿಂದ ಕಾರ್ಖಾನೆ ಬಯಸುವುದು ಯೋಚನೆಯಿಲ್ಲದ ಕೈ. ಆ ಪ್ರೆಸ್ ನಿಂತಾಗ ಕರೆಸಿಕೊಳ್ಳುವವನಿಂದ ಬಯಸುವುದು ಯೋಚನೆ. ವೇಗದ ಒತ್ತಡ ಅವನ ಮೇಲೂ ಇದೆ: ಬ್ರೇಕ್‌ಡೌನ್ ಆದ ಐದೇ ನಿಮಿಷಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಕೇಳಲು ಮೂವರು ಬಂದು ನಿಲ್ಲುತ್ತಾರೆ. ಆದರೆ ಕಾರಣ ಹುಡುಕುವ ಕೆಲಸವನ್ನು ಆಜ್ಞೆಯಿಂದ ಮಾಡಿಸಲಾಗದು. ದೋಷ ಸಿಗುವವರೆಗೆ ಎಂಥ ಅಧಿಕಾರಿಯೂ ಕಾಯಲೇಬೇಕು.

ಬಾಯಿ ಮುಚ್ಚಿಸುವ ಮಾತಿಗೆ ಉತ್ತರ ಶರಣರಲ್ಲೇ ಇದೆ. ಅವರು ಕಾಯಕವನ್ನು ದಾಸೋಹದಿಂದ ಬಿಡಿಸಿ ಹೇಳಲಿಲ್ಲ. ದಿನದ ಪಾಲಿಗಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ತಡೆದಳು, ಹೆಚ್ಚಿನದನ್ನು ಮರಳಿ ಚೆಲ್ಲಿ ಬರಲು ಕಳಿಸಿದಳು. ದುಡಿಮೆಯ ಶುದ್ಧತೆಯನ್ನು ಅಷ್ಟು ನಿಷ್ಠುರವಾಗಿ ಅಳೆದವರು, ದುಡಿಸಿಕೊಳ್ಳುವವರ ಹೆಚ್ಚುವರಿಯನ್ನು ಅಳೆಯದೆ ಬಿಡುತ್ತಿದ್ದರೇ? ಹದಿನೈದು ವರ್ಷ ಅದೇ ಕಾರ್ಖಾನೆಯ ಅದೇ ಯಂತ್ರಗಳನ್ನು ನೋಡಿಕೊಂಡವನು ಇನ್ನೂ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲೇ ಇದ್ದರೆ ಅದು ಕಾರ್ಮಿಕ ಇಲಾಖೆಯ ವಿಷಯ ಮಾತ್ರವಲ್ಲ, ಧರ್ಮದ ವಿಷಯ. ಕಾಯಕ ಎಂಬ ಮಾತನ್ನು ಬಳಸುವವರು ಈ ಎರಡನೆಯ ಅರ್ಧವನ್ನು ನುಂಗಿಕೊಂಡರೆ ಆಕ್ಷೇಪ ಎತ್ತುವವರ ಪಕ್ಷವೇ ಗೆಲ್ಲಬೇಕು.

ಜಾತಿಯ ಕಡೆಯಿಂದಲೂ ಒಂದು ಆಕ್ಷೇಪವಿದೆ, ಅದನ್ನು ಹಗುರಾಗಿ ಕಾಣಬಾರದು. ಕೈಕೆಲಸವನ್ನು ಹಾಡಿಹೊಗಳುವವರು ತಮ್ಮ ಮಕ್ಕಳನ್ನು ಅದಕ್ಕೆ ಕಳಿಸುವುದಿಲ್ಲ. ಹೊಗಳಿಕೆ ಇದ್ದವರನ್ನು ಇದ್ದಲ್ಲೇ ಇರಿಸುತ್ತದೆ. ನಿಜ. ಆದರೆ ಕುಲಕಸುಬಿಗೂ ಇದಕ್ಕೂ ಒಂದು ಭೇದವಿದೆ. ಮೆಕ್ಯಾನಿಕ್ಕಿನ ವಿದ್ಯೆ ತಂದೆಯಿಂದ ಮಗನಿಗೆ ಇಳಿದು ಬಂದದ್ದಲ್ಲ. ಮೀಸಲಾತಿಯೂ ಸೇರಿ ಅರ್ಜಿ, ಪ್ರವೇಶ, ಪರೀಕ್ಷೆ, 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಅಪ್ರೆಂಟಿಸ್‌ಗಿರಿ ಎಂಬ ಬಾಗಿಲುಗಳ ಮೂಲಕ ಬಂದದ್ದು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಉರಿದಾಗ, 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿದಾಗ, ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ಜಾತಿಯೊಂದು ಈ ನಾಡಿನಲ್ಲಿ ಮೊದಲೇ ಇರಲಿಲ್ಲ. ಬಂದವರು ಕಲಿತೇ ಆಗಬೇಕಿತ್ತು. ಮೋಳಿಗೆಯ ಮಾರಯ್ಯ ಅರಸುತನ ಬಿಟ್ಟು ಕಟ್ಟಿಗೆ ಹೊರೆ ಹೊತ್ತನೆಂಬ ಐತಿಹ್ಯದ ತಿರುಳೂ ಅದೇ: ಕಾಯಕವೆಂದರೆ ಹುಟ್ಟು ಹೇರಿದ್ದಲ್ಲ, ಆರಿಸಿಕೊಂಡದ್ದು. ಆದರೆ ಈ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್, ಓಡುತ್ತಿರುವ ಯಂತ್ರದ ಬಳಿ ಎಣ್ಣೆ ಹಾಕುವಂಥ, ಹೊಂದಿಸುವಂಥ ಕೆಲಸ ಅನಿವಾರ್ಯವಾದರೆ ವಿಶೇಷ ತರಬೇತಿ ಪಡೆದ, ರಿಜಿಸ್ಟರಿನಲ್ಲಿ ಹೆಸರು ದಾಖಲಾದ, ಮೈಗೆ ಬಿಗಿಯಾದ ಉಡುಪು ತೊಟ್ಟ ವಯಸ್ಕ ಗಂಡಸೇ ಮಾಡಬೇಕೆಂದು ವಿಧಿಸಿತು. ಸೆರಗು, ಜಡೆ ಸಿಕ್ಕಿಕೊಳ್ಳುವ ಭಯದಿಂದ ಹುಟ್ಟಿದ ಕಾಳಜಿ ಅದಿರಬಹುದು. ಆದರೆ ಉಡುಪು ಬದಲಾಯಿಸಿದರೆ ಮುಗಿಯುವ ಅಪಾಯಕ್ಕೆ ಹೆಣ್ಣನ್ನೇ ಹೊರಗಿಟ್ಟಿತು. ಬೇರಿಂಗಿನ ಸದ್ದು ಕೇಳುವ ಕಿವಿಗೆ ಗಂಡು ಹೆಣ್ಣೆಂಬುದಿಲ್ಲ.

ಯಂತ್ರವೇ ಮನುಷ್ಯನನ್ನು ಕೆಡಿಸುತ್ತದೆ ಎಂಬ ಗಾಂಧೀಜಿಯ ವಾದ ಇನ್ನೊಂದು. 1909ರ ಹಿಂದ್ ಸ್ವರಾಜ್‌ನಲ್ಲಿ ಅವರು ಯಂತ್ರನಾಗರಿಕತೆಯನ್ನು ಒಟ್ಟಾಗಿಯೇ ನಿರಾಕರಿಸಿದ್ದರು. 1924ರ ಸಂವಾದವೊಂದರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಆ ಯಂತ್ರವನ್ನು ಮಾಡಲು ಕಾರ್ಖಾನೆ ಬೇಕಲ್ಲ ಎಂದು ಕೇಳಿದಾಗ, ಬೇಕು, ಅದು ರಾಷ್ಟ್ರದ ಒಡೆತನದಲ್ಲೋ ಹತೋಟಿಯಲ್ಲೋ ಇರಲಿ, ದುಡಿಯುವವರಿಗೆ ಒಳ್ಳೆಯ ಸ್ಥಿತಿಯಿರಲಿ ಎಂದರು. ಅಲ್ಲಿಗೆ ಆ ಕಾರ್ಖಾನೆಯ ಮೆಕ್ಯಾನಿಕ್ಕೂ ಒಳಗೆ ಬಂದ ಹಾಗಾಯಿತು. ನನಗೆ ಮುಖ್ಯವೆನಿಸುವುದು ಬೇರೆ. ಗಾಂಧೀಜಿಯ ಭಯ ಮನುಷ್ಯ ಯಂತ್ರದ ಆಳಾಗುವುದರ ಬಗ್ಗೆ. ಯಂತ್ರದ ಒಳಗನ್ನು ಬಲ್ಲವನು ಅದರ ಆಳಾಗುವ ಸಂಭವ ಬಟನ್ ಒತ್ತಲು ಮಾತ್ರ ಬಲ್ಲವನಿಗಿಂತ ಕಡಿಮೆ. ಈಗ ಬೇರಿಂಗಿನ ಮೇಲೆ ಸೆನ್ಸರ್ ಅಂಟಿಸಿ, ಕಂಪನವನ್ನು ಅಳೆದು, ಕೆಡುವ ಮುನ್ನವೇ ಕಂಪ್ಯೂಟರ್ ಎಚ್ಚರಿಸುವ ಕಾಲ ಬಂದಿದೆ, ಇನ್ನು ಮೆಕ್ಯಾನಿಕ್ಕಿನ ವಿವೇಕ ಏಕೆ ಎನ್ನುವವರಿದ್ದಾರೆ. ಸೆನ್ಸರ್ ಹೇಳುವುದು ಹೊಗೆಯ ಸುದ್ದಿ. ಹಸಿ ಸೌದೆ ಎಲ್ಲಿದೆ ಎಂದು ಹುಡುಕಿ, ಮಂಡಿಯೂರಿ ಶಿಮ್ ಸೇರಿಸುವ ಕೆಲಸ ಹಾಗೆಯೇ ಉಳಿದಿದೆ.

ಈ ಎಲ್ಲಕ್ಕಿಂತ ಭಾರವಾದದ್ದು ಇನ್ನೊಬ್ಬರ ದೇಹದ ಹೊಣೆ. ಯಂತ್ರದೊಳಗೆ ಕೈ ಹಾಕುವ ಮೊದಲು ವಿದ್ಯುತ್ತಿನ ಮುಖ್ಯ ಸ್ವಿಚ್ಚು ಆಫ್ ಮಾಡಿ ಅದಕ್ಕೆ ತನ್ನದೇ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ನಾಲ್ವರು ದುಡಿಯುತ್ತಿದ್ದರೆ ನಾಲ್ಕು ಬೀಗ. ನಾಲ್ಕನೆಯವರು ಹೊರಬಂದು ತಮ್ಮ ಬೀಗ ತೆಗೆಯುವವರೆಗೆ ಯಾರ ಅವಸರಕ್ಕೂ ಯಂತ್ರ ಚಾಲೂ ಆಗುವಂತಿಲ್ಲ. ಬೀಗ ಹಾಕಿದ ಮೇಲೆ, ಕೈ ಹಾಕುವ ಮುನ್ನ ಸ್ಟಾರ್ಟ್ ಬಟನ್ ಒತ್ತಿ ನೋಡಬೇಕು, ನಿಜವಾಗಿಯೂ ಸತ್ತಿದೆಯೇ ಎಂದು. ಅಷ್ಟಾದರೂ ಮೇಲೆತ್ತಿ ನಿಂತ ಪ್ರೆಸ್ಸಿನ ರ‍್ಯಾಮ್, ಅಮುಕಿದ ಸ್ಪ್ರಿಂಗ್, ಹೈಡ್ರಾಲಿಕ್ ಸಿಲಿಂಡರಿನಲ್ಲಿ ಉಳಿದ ಒತ್ತಡ ಇವೆಲ್ಲ ಕರೆಂಟ್ ಇಲ್ಲದೆಯೂ ಕೈ ಕತ್ತರಿಸಬಲ್ಲವು. ಅಹಿಂಸೆಯನ್ನು ನಾವು ಸಾಮಾನ್ಯವಾಗಿ ಮನಸ್ಸಿನ ಗುಣವೆಂದು ಭಾವಿಸುತ್ತೇವೆ. ಇಲ್ಲಿ ಅದು ಒಂದು ಬೀಗ, ಒಂದು ಚೀಟಿ, ತಪ್ಪದೆ ಪಾಲಿಸುವ ಒಂದು ಕ್ರಮ.

ಅದರ ನಿಜವಾದ ಪರೀಕ್ಷೆ ಬರುವುದು ಹೀಗೆ. ಪ್ರೆಸ್ಸಿನ ಕಾವಲು ಬಾಗಿಲು ತೆರೆದರೆ ಯಂತ್ರ ನಿಲ್ಲುವಂತೆ ಅಲ್ಲೊಂದು ಲಿಮಿಟ್ ಸ್ವಿಚ್ ಇರುತ್ತದೆ. ಅದು ಕೆಟ್ಟು ಯಂತ್ರ ಮತ್ತೆ ಮತ್ತೆ ನಿಲ್ಲುತ್ತಿದೆ, ಹೊಸ ಸ್ವಿಚ್ ಸ್ಟೋರಿನಲ್ಲಿಲ್ಲ, ಸಂಜೆಗೆ ಮಾಲು ಹೋಗಬೇಕು. ಇವತ್ತೊಂದು ದಿನ ಬೈಪಾಸ್ ಮಾಡಿಬಿಡು, ನಾಳೆ ಹಾಕೋಣ ಎನ್ನುತ್ತಾರೆ ಸೂಪರ್‌ವೈಸರ್. ಎರಡು ಟರ್ಮಿನಲ್‌ಗಳ ನಡುವೆ ಅರ್ಧ ಅಡಿ ತಂತಿ ಸಿಕ್ಕಿಸಿದರೆ ಕೆಲಸ ಮುಗಿಯಿತು. ಆ ತಂತಿ ಎಲ್ಲಿದೆ ಎಂಬುದು ಸಿಕ್ಕಿಸಿದವನಿಗೆ ಮಾತ್ರ ಗೊತ್ತು, ಯಂತ್ರದ ಮುಂದೆ ಕೈಯೊಡ್ಡಿ ನಿಲ್ಲುವ ಹೆಂಗಸಿಗೆ ಗೊತ್ತಿಲ್ಲ. ಎರಡು ವರ್ಷ ಬೆಳಕಿಗೆ ಹಿಡಿದು ನೋಡಿದ ಕಣ್ಣು, ಉಪಾಧಿ ಹುಡುಕಿದ ಬುದ್ಧಿ, ಬಿಚ್ಚಬಾರದ್ದನ್ನು ಬಿಚ್ಚದ ಸಂಯಮ, ಎಲ್ಲವೂ ಕೂಡಿ ಈ ಒಂದು ಸಂಜೆ ಇಲ್ಲ ಎನ್ನುವ ಶಕ್ತಿಯಾಗಬೇಕು. ಬರೀ ಮನೋಬಲವನ್ನು ನಂಬಿ ಅದನ್ನು ಹದಿನೆಂಟರ ಹುಡುಗನ ಹೆಗಲಿಗೆ ಬಿಡುವುದು ಅನ್ಯಾಯ. ಅರ ಹೊಡೆಯುವುದನ್ನು ಕಲಿಸುವಂತೆಯೇ ಐಟಿಐಗಳು ಈ ನಿರಾಕರಣೆಯನ್ನೂ ಅಭ್ಯಾಸ ಮಾಡಿಸಬೇಕು: ಯಾವ ಮಾತಿನಲ್ಲಿ ಹೇಳುವುದು, ಲಾಗ್ ಪುಸ್ತಕದಲ್ಲಿ ಏನು ಬರೆಯುವುದು, ಯಾರ ಸಹಿ ಕೇಳುವುದು. ಸುರಕ್ಷಾ ಸ್ವಿಚ್ಚನ್ನು ಬೈಪಾಸ್ ಮಾಡದೆ ನಿಂತವನ ಕೆಲಸ ಹೋಗುವುದಿಲ್ಲ ಎಂಬ ಮಾತನ್ನು ಕಾರ್ಖಾನೆಗಳು ಗುತ್ತಿಗೆಯವರಿಗೂ ಸೇರಿಸಿ ಬರೆದು, ಆಯುಧಪೂಜೆಯ ದಿನ ಹಾರ ಬೀಳುವ ಅದೇ ಯಂತ್ರದ ಪಕ್ಕದಲ್ಲಿ ತೂಗುಹಾಕಬೇಕು.